ಆಯಿ ದುಡ್ಡು ಮುಟ್ಟಲಿಲ್ಲ. ತೋಟ ನೋಡಲು ಬರುವವರಿಗೆ ದರ ಕಟ್ಟುವುದು ಹೇಗೆ?

ಬೇಣದಗದ್ದೆ | ಡಿಸೆಂಬರ್ 6, ರಾತ್ರಿ 9.40

ನಮ್ಮದು ಸಿದ್ದಾಪುರದಿಂದ ಒಳಗೆ, ಡಾಂಬರು ಮುಗಿದ ಮೇಲೂ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಎರಡೆಕರೆ ಅಡಿಕೆ ತೋಟ, ಅದರೊಳಗೆ ಕಾಳುಮೆಣಸು, ಬಾಳೆ, ಒಂದಿಷ್ಟು ಏಲಕ್ಕಿ. ಮೇಲೆ ಸೊಪ್ಪಿನ ಬೆಟ್ಟ. ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ. ಮನೆಯಲ್ಲಿ ಅಪ್ಪಯ್ಯ, ಆಯಿ (ಅಮ್ಮ), ನಾನು. ತಮ್ಮ ಬೆಂಗಳೂರಲ್ಲಿ.

ಹೋದ ತಿಂಗಳು ತಮ್ಮನ ಆಫೀಸಿನ ನಾಲ್ವರು ಜೋಗ ನೋಡಲು ಬಂದವರು ನಮ್ಮನೆಯಲ್ಲೇ ಎರಡು ರಾತ್ರಿ ಉಳಿದರು. ಜೋಗದ ಬಗ್ಗೆ ಅವರು ಆಡಿದ್ದು ನಾಲ್ಕೇ ಮಾತು. ಉಳಿದದ್ದೆಲ್ಲ ನಮ್ಮನೆ ಬಗ್ಗೆ. ಅಡಿಕೆ ಸುಲಿಯುವಲ್ಲಿ ರಾತ್ರಿ ಹನ್ನೊಂದರವರೆಗೆ ಕೂತರು. ಒಬ್ಬ ಮೆಟ್ಟುಗತ್ತಿಗೆ ಹೆಬ್ಬೆರಳು ಕೊಟ್ಟು, ಅದಕ್ಕೆ ಅರಿಶಿನ ಮೆತ್ತಿಸಿಕೊಂಡು, ಆ ಬೆರಳಿನ ಫೋಟೋವನ್ನೇ ಊರಿಗೆಲ್ಲ ಕಳಿಸಿದ. ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ ತಮಗೆ ಇಷ್ಟ ಅಂತ ಇನ್ನೊಬ್ಬಳು ಹೇಳಿದ್ದು ಕೇಳಿ ಅಪ್ಪಯ್ಯನಿಗೆ ಅವಳ ತಲೆ ಸರಿ ಇದೆಯೋ ಅಂತ ಅನುಮಾನ ಬಂತು.

ಹೊರಡುವಾಗ ಆರು ಸಾವಿರ ಕೊಡಲು ಬಂದರು. ಆಯಿ ಮುಟ್ಟಲಿಲ್ಲ. ಅವರು ಹೋದ ಮೇಲೆ ನೋಡಿದರೆ ದೇವರ ಹರಿವಾಣದ ಕೆಳಗೆ ಇಟ್ಟು ಹೋಗಿದ್ದರು. ಆಯಿ ನನ್ನ ಕೈಗೆ ಕೊಟ್ಟು, "ವಾಪಸ್ ಕಳಿಸು. ಅನ್ನ ಮಾರೋ ಮನೆಯಲ್ಲ ಇದು" ಅಂದಳು. ಅಪ್ಪಯ್ಯ ಮಾತಾಡಲಿಲ್ಲ, ಎಣಿಸಿದ. ಎರಡು ವರ್ಷದಿಂದ ಎಲೆಚುಕ್ಕೆ ರೋಗ ನಮ್ಮ ಕೆಳಗಿನ ತೋಟದಲ್ಲಿ ಕೂತಿದೆ. ಬೆಳೆ ಅರ್ಧಕ್ಕಿಳಿದಿದೆ. ಆರು ಸಾವಿರ ಅಂದರೆ ಎಷ್ಟು ಅಂತ ಅವನಿಗೆ ಗೊತ್ತು.

ಈಗ ಆ ನಾಲ್ವರ ಗೆಳೆಯರು ಜನವರಿಯಲ್ಲಿ ಬರ್ತೀವಿ, ದರ ಹೇಳಿ ಅಂತ ಕೇಳ್ತಿದ್ದಾರೆ. ತೋಟ ಇಟ್ಟುಕೊಂಡು ಜನರನ್ನು ಕರೆಸುವವರು ಇಲ್ಲಿ ಯಾರಾದರೂ ಇದ್ದೀರಾ? ದರ ಹೇಗೆ ಕಟ್ತೀರಿ? ಕೆಲಸದ ದಿನಗಳಲ್ಲಿ ಏನು ಮಾಡ್ತೀರಿ? ಆಯಿಗೆ ಏನಂತ ಹೇಳಲಿ?

ಜಯನಗರದಾಕೆ | ಡಿಸೆಂಬರ್ 6, ರಾತ್ರಿ 10.05

ಮೊದಲು ದುಡ್ಡು ವಾಪಸ್ ಕಳಿಸಬೇಡಿ. ಕೊಟ್ಟವರಿಗೆ ಬೇಜಾರಾಗತ್ತೆ. ನಾವು ಕೊಡುವ ಕಡೆಯವರು, ಅದಕ್ಕೆ ಹೇಳ್ತಿದ್ದೀನಿ.

ಕಳೆದ ಬೇಸಿಗೆಯಲ್ಲಿ ಗುಬ್ಬಿ ಹತ್ತಿರ ಒಂದು ತೋಟದ ಮನೆಗೆ ಹೋಗಿದ್ವಿ. ತೆಂಗು, ಮಾವು, ಒಂದಿಷ್ಟು ರಾಗಿ ಹೊಲ. ಮಗನಿಗೆ ಒಂಬತ್ತು ವರ್ಷ. ಹಸು ತೋರಿಸಿದರೆ ಒಂದು ನಿಮಿಷ ನೋಡಿದ, ಕೋಳಿ ತೋರಿಸಿದರೆ ಅರ್ಧ ನಿಮಿಷ. ದುಡ್ಡು ದಂಡ ಆಯ್ತು ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ಮನೆ ಯಜಮಾನರು ಟಾರ್ಚ್ ಹಿಡಿದು ಹೊರಟರು, ತ್ರೀ ಫೇಸ್ ಬಂದಿತ್ತು, ಮೋಟರ್ ಹಾಕಬೇಕಿತ್ತು. ಇವನೂ ಎದ್ದು ಹಿಂದೆ ಹೋದ. ಸ್ಟಾರ್ಟರಿನ ಹಸಿರು ಗುಂಡಿ ಇವನ ಕೈಲೇ ಒತ್ತಿಸಿದರಂತೆ. ಪೈಪಿನಲ್ಲಿ ಮೊದಲು ಗಾಳಿ ಕೆಮ್ಮಿ ಆಮೇಲೆ ನೀರು ಬಂದದ್ದು ಇವತ್ತಿಗೂ ಹೇಳ್ತಾನೆ. ರೈತರು ಯಾಕೆ ರಾತ್ರಿ ಎದ್ದಿರಬೇಕು, ಕರೆಂಟು ಹಗಲು ಯಾಕೆ ಕೊಡಲ್ಲ ಅಂತ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮನೆಯವರು ತೋರಿಸೋ ಪಟ್ಟಿಯಲ್ಲಿ ಪಂಪ್‌ಹೌಸ್ ಇರಲೇ ಇಲ್ಲ.

ಹಳೇಟ್ರ್ಯಾಕ್ಟರ್ | ಡಿಸೆಂಬರ್ 6, ರಾತ್ರಿ 10.31

ನಿಮ್ಮ ಕಡೆಯದ್ದು ಚೆನ್ನಾಗಿರಬೋದು ಕಣಕ್ಕ. ನಮ್ಮ ಕಡೆ ನೋಡಿ ಬನ್ನಿ ಒಂದ್ಸಲ. ಮೈಸೂರು ರೋಡಿನಲ್ಲಿ ಫಾರ್ಮ್ ಅಂತ ಬೋರ್ಡು. ಒಳಗೆ ಹೋದ್ರೆ ರೇನ್ ಡಾನ್ಸು, ಜಿಪ್‌ಲೈನು, ಬಫೆ. ಒಂದು ಮೂಲೇಲಿ ಎತ್ತಿನಗಾಡಿ ನಿಲ್ಸಿರ್ತಾರೆ, ಅದರ ಎತ್ತು ಇಪ್ಪತ್ತು ವರ್ಷದಿಂದ ಉಳುಮೆ ಕಂಡಿಲ್ಲ. ಹತ್ತು ಅಡಿ ಅಗಲದ ಗದ್ದೇಲಿ ಆಫೀಸಿನೋರು ಕೆಸರಲ್ಲಿ ಬಿದ್ದು ಹೊರಳಾಡ್ತಾರೆ. ಪಕ್ಕದ ನಿಜವಾದ ಗದ್ದೆಗೆ ನಾಲೆ ನೀರು ಬಂದಿಲ್ಲ ಅಂತ ನಾವು ಇಂಜಿನಿಯರ್ ಆಫೀಸಿನ ಮುಂದೆ ಕೂತಿರ್ತೀವಿ.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ಯಾರು ಬೇಕಾದ್ರೂ ಜಮೀನು ತಗೋಬೋದು. ತಗೊಂಡೋರು ಬೇಲಿ ಹಾಕ್ತಾರೆ, ಮಾವಿನ ಗಿಡ ನೆಡ್ತಾರೆ, ವಾರಕ್ಕೊಂದ್ಸಲ ಬಂದು ಸೆಲ್ಫಿ ತಗೋತಾರೆ, ಉಳಿದ ದಿನ ಬಾಡಿಗೆಗೆ ಬಿಡ್ತಾರೆ. ಅಲ್ಲಿ ಕಳೆ ಕೀಳೋನು ಯಾರು ಗೊತ್ತಾ? ಆ ಜಮೀನು ಮಾರಿದೋನೇ.

ಕಲಂ95 | ಡಿಸೆಂಬರ್ 7, ಬೆಳಿಗ್ಗೆ 7.15

@ಬೇಣದಗದ್ದೆ, ಕಾಗದಪತ್ರದ ವಿಷಯ ಮಾತ್ರ ಹೇಳ್ತೀನಿ. ಇರುವ ಮನೆಯ ಒಂದೆರಡು ಕೋಣೆ ಕೊಡುವುದು ಬೇರೆ, ತೋಟದಲ್ಲಿ ಹೊಸದಾಗಿ ಕಾಟೇಜು ಎಬ್ಬಿಸುವುದು ಬೇರೆ. ಎರಡನೆಯದಕ್ಕೆ ಕೈಹಾಕಿದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಎದುರಾಗುತ್ತದೆ, ಕೃಷಿ ಜಮೀನನ್ನು ಕೃಷಿಯೇತರ ಕೆಲಸಕ್ಕೆ ಬಳಸಲು ಡಿಸಿ ಅನುಮತಿ, ಅಂದರೆ ಕನ್ವರ್ಷನ್. ಸೊಪ್ಪಿನ ಬೆಟ್ಟದಲ್ಲಂತೂ ಒಂದು ಗೂಟವನ್ನೂ ಹೊಡೆಯಬೇಡಿ. ಅದರಲ್ಲಿ ನಿಮಗಿರುವುದು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಸವಲತ್ತು, ಮಾಲೀಕತ್ವವಲ್ಲ.

ಹೋಂಸ್ಟೇ ಅಂತ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಬಂದವರ ಗುರುತಿನ ಚೀಟಿ ನಕಲು, ರಿಜಿಸ್ಟರ್ ಪುಸ್ತಕ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಸರ್ಕಾರಕ್ಕೆ ಕೊಡಲೇಬೇಕು. ನಮ್ಮ ಸರ್ಕಾರಿ ಕಡತದಲ್ಲೂ ಕೃಷಿ ಪ್ರವಾಸೋದ್ಯಮ ಅನ್ನುವ ಪದ ಇದೆ, ಆದರೆ ಮಹಾರಾಷ್ಟ್ರ 2020ರಲ್ಲಿ ಅದಕ್ಕೆಂದೇ ಪ್ರತ್ಯೇಕ ನೀತಿ ತಂದಿತು. ಅಲ್ಲಿ ಕೆಲಸ ಶುರುವಾಗಿದ್ದು ಇನ್ನೂ ಮುಂಚೆ, 2005ರಲ್ಲಿ, ಬಾರಾಮತಿ ಕಡೆಯಿಂದ.

ಎರಿಹೊಲ | ಡಿಸೆಂಬರ್ 7, ಬೆಳಿಗ್ಗೆ 8.02

ಬಾರಾಮತಿ ಹೆಸರ ಬಂತು, ಅದಕ್ಕ ಬರ್ಯಾಕತ್ತೀನಿ. ನಾವು ವಿಜಯಪುರ ಜಿಲ್ಲಾದವರು, ಸೋಲಾಪುರ ನಮಗ ಬೆಂಗಳೂರಕಿಂತ ಭಾಳ ಸಮೀಪ.

ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಾಗ ನೋಡಾಕ ಏನೈತಿ ಅಂತ ಮಂದಿ ಕೇಳ್ತಾರ. ಬ್ಯಾಸಗಿಗೆ ಬಂದ್ರ ಖರೇನ ಏನೂ ಇಲ್ಲ, ಬಿರುಕು ಬಿಟ್ಟ ನೆಲ ಅಷ್ಟ. ಆದ್ರ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಿಂದ ಮುಂದ ಬರ್ರಿ. ಹಿಂಗಾರಿ ಬಿಳಿಜ್ವಾಳ ಹಾಲ್ಗಾಳ ತುಂಬಿ ಇನ್ನೂ ಬಲಿತಿರೂದಿಲ್ಲ. ಕುಳ್ಳಿನ ಕೆಂಡದಾಗ ತೆನಿ ಸುಟ್ಟು, ಬಿಸಿ ಇದ್ದಾಗನ ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಬೆಲ್ಲ, ಕೆನಿ ಮೊಸರು ಕೂಡಿಸಿ ತಿನ್ನೂದು. ಸೀತನಿ. ಸಕ್ಕರಿ ಮುಕ್ಕರಿ ಅಂತ ಅದಕ್ಕಂತನ ಒಂದು ಜ್ವಾಳದ ತಳಿ ಐತಿ, ನಮ್ಮಜ್ಜ ಹೊಲದ ಬದುವಿಗೆ ನಾಕು ಸಾಲ ಬಿತ್ತತಿದ್ದ. ಮಾರಾಕಲ್ಲ, ಬೀಗರು ಬಂದ್ರ ಸುಡಾಕ.

ಗಡಿ ದಾಟಿದ್ರ ಇದಕ್ಕ ಹುರಡಾ ಪಾರ್ಟಿ ಅಂತಾರ. ತಲೀಗಿಷ್ಟು ಅಂತ ರೊಕ್ಕ, ಪುಣೆದಿಂದ ಬಸ್ಸು ಮಾಡಿಕೊಂಡು ಮಂದಿ ಬರತೈತಿ. ಮೊದಲ ಕೇಳಿದಾಗ ನಾವು ನಕ್ಕೀವಿ, ಸೀತನಿಗೂ ಟಿಕೀಟ ಅಂತ. ಈಗ ನನ್ನ ಮಾವನ ಮಗ ಅಲ್ಲೇ ನಾಕು ಎಕರೆದಾಗ ಹುರಡಾಕ್ಕಂತನ ಹಂತಹಂತವಾಗಿ ಬಿತ್ತಾನ, ಹತ್ತು ದಿನಕ್ಕೊಂದ ತಾಕು, ಅಂದ್ರ ಒಂದೂವರಿ ತಿಂಗಳ ಎಳಿ ತೆನಿ ಸಿಗಬೇಕು. ಕಾಳು ಮಾಡಿ ಅಡತಿಗೆ ಹಾಕಿದ್ರ ಬರೂದಕಿಂತ ಮೂರು ಪಟ್ಟು ಬಂತಂತ ಹೋದ ವರ್ಷ. ಮ್ಯಾಲ ಕಣಕಿ ದನಕ್ಕ ಹೆಂಗೂ ಉಳೀತು.

ಆದ್ರ ಅಕ್ಕಾರ, ನಿಮ್ಮ ಆಯಿ ಮಾತು ನನಗ ತಿಳೀತದ. ಎಳ್ಳಮಾಸಿ ದಿನ ಭೂಮಿತಾಯಿಗೆ ಚರಗ (ಎಡಿ) ಚೆಲ್ಲಿ ಹೊಲದಾಗ ಊಟಕ್ಕ ಕುಂತಾಗ ಹಾದಿಲೆ ಹೋಗೂ ಮಂದಿನ್ನೂ ಕರದು ಕುಂದ್ರಸ್ತೀವಿ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಗಿ. ಅವತ್ತು ರೊಕ್ಕದ ಮಾತು ಎತ್ತಿದ್ರ ಮಾರಿ ಮ್ಯಾಲ ಹೊಡದಂಗ. ಮಾವನ ಮಗನೂ ಅವತ್ತೊಂದಿನ ಪಾರ್ಟಿ ಬಂದ್ ಇಡ್ತಾನ. "ಇವತ್ತ ಹೊಲ ನಮ್ಮದು" ಅಂತಾನ.

ಒಲೆಮುಂದೆ | ಡಿಸೆಂಬರ್ 7, ಮಧ್ಯಾಹ್ನ 3.20

ಅಡುಗೆಮನೆ ತೊಳೆದು ಈಗ ಕೂತೆ. ನಾನು ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ ಮನೆಯ ಸೊಸೆ.

ಎಲ್ಲರೂ ತೋಟ, ಹೊಲ, ಮೋಟರ್ ಅಂತಿದ್ದೀರಿ. ಬಂದವರು ದಿನಕ್ಕೆ ಎಷ್ಟು ಹೊತ್ತು ತೋಟದಲ್ಲಿರ್ತಾರೆ ಹೇಳಿ? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಉಳಿದ ಹೊತ್ತು ಅವರಿಗೆ ಬೇಕಾಗಿದ್ದು ಕಾಫಿ, ತಿಂಡಿ, ಊಟ, ಮತ್ತೆ ಕಾಫಿ, ಏನಾದ್ರೂ ಕುರುಕಲು, ರಾತ್ರಿ ಊಟ. ನಮ್ಮೆಜಮಾನ್ರು ಜಗುಲಿಯಲ್ಲಿ ಕೂತು ಅಜ್ಜನ ಕಾಲದ ಹುಲಿ ಕತೆ ಹೇಳ್ತಾರೆ. ಆ ಹುಲಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಿದೆ. ಒಳಗೆ ನಾನು ಹನ್ನೆರಡು ಜನಕ್ಕೆ ಕಡುಬು ಬೇಯಿಸ್ತಿರ್ತೀನಿ. ಒಬ್ಬರಿಗೆ ಗ್ಲುಟನ್ ಆಗಲ್ಲ, ಒಬ್ಬರಿಗೆ ಹಾಲು ಆಗಲ್ಲ, ಒಂದು ಮಗುವಿಗೆ ಮ್ಯಾಗಿ ಬಿಟ್ಟು ಬೇರೇನೂ ಆಗಲ್ಲ.

ರಿವ್ಯೂ ಓದಿ ನೋಡಿ. "ಅಮ್ಮನ ಕೈರುಚಿ", "ಮನೆ ಊಟ", "ಸ್ವರ್ಗ". ದುಡ್ಡು ಬರೋದು ಯಜಮಾನರ ಖಾತೆಗೆ.

ಎರಡು ವರ್ಷ ಸುಮ್ಮನಿದ್ದೆ. ಆಮೇಲೆ ಊಟದ ದುಡ್ಡಿಗೆ ಬೇರೆ ಕ್ಯೂಆರ್ ಕೋಡ್ ಮಾಡಿಸಿ ಊಟದ ಮೇಜಿಗೇ ಅಂಟಿಸಿದೆ. ನನ್ನ ಖಾತೆಯದ್ದು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಈಗ ಸಾಮಾನು ತರೋ ದುಡ್ಡು ಕೇಳುವಾಗ ಯಜಮಾನ್ರು "ನಿನ್ನ ಹತ್ರ ಇದ್ಯಲ್ಲ" ಅಂತಾರೆ, ಅದು ಬೇರೆ ಕತೆ.

ಬೇಣದಗದ್ದೆಯವರೇ, ನಿಮ್ಮ ಆಯಿ ಅನ್ನ ಮಾರಲ್ಲ ಅಂದರೆ ಗೌರವ ಇದೆ. ಆದರೆ ಆ ಅನ್ನ ಮಾಡೋ ಕೈಯ ಲೆಕ್ಕ ಯಾರಾದರೂ ಇಡಬೇಕು.

ಕಾಫಿಕಣ | ಡಿಸೆಂಬರ್ 7, ರಾತ್ರಿ 8.45

@ಒಲೆಮುಂದೆ, ಹುಲಿ ಕತೆ ನಮ್ಮನೆಯಲ್ಲೂ ಇದೆ, ನಮ್ಮದು ಆನೆ.

ಮೂಡಿಗೆರೆ ಕಡೆ, ಹದಿನೆಂಟು ಎಕರೆ, ಹೆಚ್ಚು ರೊಬಸ್ಟಾ. ನಮ್ಮ ಭಾಗದಲ್ಲಿ, ಕೊಡಗಿನಲ್ಲೂ ಅಷ್ಟೇ, ತೋಟದ ಮನೆಗೆ ಜನ ಕರೆಸಿದ್ದು ಸುಮ್ಮನೆ ಶೋಕಿಗಲ್ಲ. 2001ರ ಹೊತ್ತಿಗೆ ಕಾಫಿ ಬೆಲೆ ಹೇಗೆ ಬಿತ್ತು ಅಂದರೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ದೊಡ್ಡ ಮನೆ, ಖಾಲಿ ಕೋಣೆ, ಸಾಲ. ಕೋಣೆ ಬಾಡಿಗೆಗೆ ಕೊಟ್ಟೆವು. ಎಷ್ಟೋ ತೋಟ ಉಳಿದದ್ದು ಹಾಗೆ.

ಆದರೆ ತೋಟ ನಡೆಯುವ ತಿಂಗಳೂ ಜನ ಬರುವ ತಿಂಗಳೂ ಒಂದೇ ಆಗಿಬಿಡುತ್ತದೆ. ಡಿಸೆಂಬರ್ ಕೊನೆ ವಾರ ನಮಗೆ ಕುತ್ತಿಗೆ ಮಟ್ಟ ಕೊಯ್ಲು. ಲೈನ್ ಮನೆ ತುಂಬ ಅಸ್ಸಾಂನಿಂದ ಬಂದ ಕೆಲಸದವರು. ಆಗಲೇ ಬೆಂಗಳೂರಿನವರಿಗೆ ಕ್ರಿಸ್‌ಮಸ್ ರಜೆ. ಒಂದು ವರ್ಷ ಮೂರು ಕಾರಿನಲ್ಲಿ ಬಂದವರು ರಾತ್ರಿ ಕಣದ ಮೇಲೇ ನಿಲ್ಲಿಸಿದರು. ಅದು ಪಾರ್ಕಿಂಗ್ ಅಲ್ಲ, ಕಾಫಿ ಒಣಗಿಸುವ ಜಾಗ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ತಾಡಪಾಲು ಹೊದೆಸಿದ್ದ ಚೆರಿ ರಾಶಿಯ ಅಂಚು ಟೈರಿನಡಿ ನುಗ್ಗಾಗಿತ್ತು. ಬೈಯಲಿಲ್ಲ. ಬೆಳಿಗ್ಗೆ ಪೊರಕೆ, ಕುಂಟೆ ಕೈಗೆ ಕೊಟ್ಟು ಕಣ ತಿರುವಿಸಿದೆ. ಒಂದು ತಾಸು ನಗುನಗುತ್ತ ಮಾಡಿದರು. ಹೋಗುವಾಗ "ಬೆಸ್ಟ್ ಆ್ಯಕ್ಟಿವಿಟಿ" ಅಂತ ಬರೆದು ಹೋದರು!

2024ರಲ್ಲಿ ರೊಬಸ್ಟಾಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮ ಸುತ್ತಲಿನ ಒಂದಿಬ್ಬರು ಹೋಂಸ್ಟೇ ಬಾಗಿಲು ಹಾಕಿದರು. ಇನ್ನು ಯಾರ ಟವಲ್ ಒಗೆಯೋದು ಬೇಡ ಅಂತ. ಬೆಲೆ ಇಳಿದರೆ ಮತ್ತೆ ಬೋರ್ಡು ಹಾಕ್ತಾರೆ. ಕಾಫಿ ಎಷ್ಟು ಏರಿಳಿದೀತು ಅಂತ ನಮ್ಮ ಕಡೆ ಬೋರ್ಡು ಎಣಿಸಿ ಹೇಳಬಹುದು.

ಮಿಲಾನೊಕನ್ನಡಿಗ | ಡಿಸೆಂಬರ್ 8, ಬೆಳಗಿನ ಜಾವ 2.10

ಇಟಲಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಇದಕ್ಕೆ ಆಗ್ರಿತುರಿಸ್ಮೊ ಎನ್ನುತ್ತಾರೆ. ಹಳ್ಳಿ ಖಾಲಿಯಾಗುತ್ತಿದ್ದ ಕಾಲದಲ್ಲಿ, 1985ರಲ್ಲಿ, ಇದಕ್ಕೆಂದೇ ಕಾನೂನು ಮಾಡಿದರು. 2006ರಲ್ಲಿ ಹೊಸದು ಬಂತು. @ಹಳೇಟ್ರ್ಯಾಕ್ಟರ್ ಹೇಳಿದ ರೇನ್ ಡಾನ್ಸ್ ಫಾರ್ಮಿಗೆ ಆ ಹೆಸರು ಹಾಕಿಕೊಳ್ಳಲು ಇಲ್ಲಿ ಬಿಡುವುದಿಲ್ಲ. ನಡೆಸುವವರು ರೈತರೇ ಆಗಿರಬೇಕು, ಬೇಸಾಯವೇ ಮುಖ್ಯ ಕಸುಬಾಗಿ ಉಳಿಯಬೇಕು, ಅತಿಥಿ ಕೆಲಸ ಅದರ ಕೈಕೆಳಗೆ. ಬಂದವರು ಹತ್ತು ಮಂದಿ ಮೀರದಿದ್ದರೆ ಬೇಸಾಯವೇ ಮುಖ್ಯ ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ, ಬೇರೆ ಲೆಕ್ಕ ಕೊಡಬೇಕಿಲ್ಲ. ಬಡಿಸುವುದರಲ್ಲೂ ಸ್ವಂತ ಜಮೀನಿನದು, ಸುತ್ತಲಿನದು ಇರಬೇಕು.

ಒಂದು ಸಲ ತೊಸ್ಕಾನಾದಲ್ಲಿ ಆಲಿವ್ ಕೊಯ್ಲಿನ ಹೊತ್ತಿಗೆ ಹೋಗಿದ್ದೆ. ಮನೆಯೊಡತಿ ಮೊದಲ ದಿನವೇ ಹೇಳಿದಳು: ಎಂಟು ಗಂಟೆಯ ಮೇಲೆ ತಿಂಡಿ ಇಲ್ಲ, ನಾವು ಮರದಡಿ ಇರುತ್ತೇವೆ, ಬೇಕಾದರೆ ಅಲ್ಲಿಗೇ ಬನ್ನಿ. ಸ್ವಲ್ಪ ಒರಟು ಎನಿಸಿತು. ಎರಡನೇ ದಿನ ನಾನೂ ಬಲೆ ಹಾಸುತ್ತಿದ್ದೆ. ನಮ್ಮೂರು ಪುತ್ತೂರು ಕಡೆ, ಅಡಿಕೆ ತೋಟದವರು. ನನ್ನ ಅಪ್ಪ ಕರೆದಾಗ ಒಮ್ಮೆಯೂ ಹೀಗೆ ಖುಷಿಯಲ್ಲಿ ಕೆಲಸಕ್ಕೆ ಹೋದವನಲ್ಲ ನಾನು. ಆ ದಿನ ರಾತ್ರಿ ಫೋನಿನಲ್ಲಿ ಹೇಳಿದರೆ ಅಪ್ಪ, "ದುಡ್ಡು ಕೊಟ್ಟು ಕೆಲಸ ಮಾಡುವವನನ್ನು ಇದೇ ಮೊದಲು ನೋಡಿದ್ದು ಮಾರಾಯ" ಅಂದರು.

ಕೊನೆಕತ್ತಿ | ಡಿಸೆಂಬರ್ 8, ರಾತ್ರಿ 9.15

ಶುರುವಿಂದ ಓದಿದೆ. ನಾನೂ ಅದೇ ಸೀಮೆಯವನು. ನಮ್ಮ ಅಪ್ಪ ಅಡಿಕೆ ಕೊನೆ (ಗೊಂಚಲು) ಕೊಯ್ತಾರೆ, ಮೂವತ್ತು ವರ್ಷದ ಮೇಲಾಯ್ತು. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೀನಿ.

ಅಪ್ಪ ಹೋಗುವ ಒಂದು ಮನೆಯಲ್ಲಿ ಮೂರು ವರ್ಷದಿಂದ ಹೋಂಸ್ಟೇ ಮಾಡಿದ್ದಾರೆ. ಕೊನೆಕೊಯ್ಲು ಅವರ ಪಟ್ಟಿಯಲ್ಲಿ ದೊಡ್ಡ ಐಟಂ. ಕಾಲಿಗೆ ತಳೆ ಹಾಕಿ ಮರ ಹತ್ತೋದು, ಮರ ಬಳುಕಿಸಿ ಇನ್ನೊಂದು ಮರ ಹಿಡಿಯೋದು, ಹಗ್ಗದಲ್ಲಿ ಕೊನೆ ಜಾರಿಸಿ ಬಿಡೋದು. ಕೆಳಗೆ ಹತ್ತು ಮೊಬೈಲ್. ಒಬ್ಬರಿಗೆ ವಿಡಿಯೋ ಸರಿ ಬರಲಿಲ್ಲ ಅಂತ "ಅಂಕಲ್, ಇನ್ನೊಂದ್ ಸಲ" ಅಂದರಂತೆ. ಅಪ್ಪ ಇನ್ನೊಂದು ಸಲ ಹತ್ತಿದರು, ಕೊನೆ ಇಲ್ಲದ ಮರವನ್ನು. ಅರವತ್ತು ದಾಟಿದೆ ಅವರಿಗೆ.

ನನಗೆ ಸಿಟ್ಟು ಬಂತು. ಮನೆಗೆ ಹೋದಾಗ ಜಗಳ ಆಡೋಣ ಅಂತಿದ್ದೆ. ಅಪ್ಪನಿಗೆ ಸಿಟ್ಟೇ ಇಲ್ಲ. "ಇಷ್ಟು ವರ್ಷ ಹತ್ತಿದ್ದೆ, ಯಾರಾದ್ರೂ ತಲೆ ಎತ್ತಿ ನೋಡಿದ್ರಾ? ಈ ಹುಡುಗ್ರು ಚಪ್ಪಾಳೆ ಹೊಡೆದ್ರು" ಅಂದರು. ಬೆಂಗಳೂರಿನವರು ಬರೋ ದಿನ ಒಳ್ಳೆ ಅಂಗಿ ಹಾಕ್ಕೊಂಡು ಹೋಗ್ತಾರೆ ಈಗ. ಅದಕ್ಕೆ ನಾನು ಏನು ಹೇಳಲಿ?

ಆದರೆ ಒಂದು ಮಾತು ಕೇಳ್ತೀನಿ. ಬಂದವರ ಜಾತಿ ನೀವ್ಯಾರೂ ಕೇಳಲ್ಲ. ಕೇಳಬಾರದು, ಸರಿ. ಒಳಗೆ ಕರೆದು ಬಾಳೆಎಲೆ ಹಾಕಿ ಬಡಿಸ್ತೀರಿ, ಅಡುಗೆಮನೆ ತೋರಿಸ್ತೀರಿ, ಅವರ ಜೊತೆ ಕೂತು ಉಣ್ತೀರಿ. ಮೂವತ್ತು ವರ್ಷ ಅದೇ ತೋಟದ ಕೊನೆ ಇಳಿಸಿದ ನಮ್ಮಪ್ಪನಿಗೆ ಇವತ್ತೂ ಚಾ ಹಿತ್ತಿಲ ಬಾಗಿಲಲ್ಲಿ, ಬೇರೆ ಲೋಟದಲ್ಲಿ. ಅದೇ ದಿನ, ಅದೇ ಮನೆಯಲ್ಲಿ. ಮೂರು ಸಾವಿರ ಕೊಟ್ಟರೆ ಜಗುಲಿ ದಾಟಬಹುದು ಅಂತ ಆಯ್ತಲ್ಲ?

ಮಲೆನಾಡಹಳ್ಳಿ | ಡಿಸೆಂಬರ್ 8, ರಾತ್ರಿ 9.40

ಒಳ್ಳೆ ವಿಷಯ ನಡೀತಿತ್ತು. ಇದರಲ್ಲೂ ಜಾತಿ ಯಾಕೆ ತರ್ತೀರಿ? ಈಗ ಯಾರ ಮನೆಯಲ್ಲೂ ಹಾಗಿಲ್ಲ.

ಒಲೆಮುಂದೆ | ಡಿಸೆಂಬರ್ 8, ರಾತ್ರಿ 9.52

ಅವರು ತಂದಿದ್ದಲ್ಲ, ಇತ್ತು. ಲೋಟ ತೊಳೆಯೋಳು ನಾನು, ನನಗೆ ಗೊತ್ತು.

ನಿರ್ವಾಹಕ | ಡಿಸೆಂಬರ್ 8, ರಾತ್ರಿ 11.30

ಮಧ್ಯೆ ಬಂದ ಏಳು ಪ್ರತಿಕ್ರಿಯೆ ತೆಗೆದಿದ್ದೇನೆ. @ಕೊನೆಕತ್ತಿ ಅವರ ಬರಹ ಇರುತ್ತದೆ. ತಮ್ಮ ಮನೆಯ ವಿಷಯ ಬರೆಯಿರಿ, ಬೇರೆಯವರ ಮನೆತನ ಕೆದಕಬೇಡಿ.

ಬೇಣದಗದ್ದೆ | ಡಿಸೆಂಬರ್ 9, ಬೆಳಿಗ್ಗೆ 6.30

@ಕೊನೆಕತ್ತಿ, ನಿನ್ನೆ ರಾತ್ರಿ ನಿಮ್ಮದು ಓದಿ ಎದ್ದು ಹೋಗಿ ನೋಡಿ ಬಂದೆ. ನಮ್ಮನೆ ಹಿತ್ತಿಲ ಗೂಡಿನಲ್ಲೂ ಒಂದು ಸ್ಟೀಲ್ ಲೋಟ ಇದೆ. ನಾನು ಹುಟ್ಟಿದಾಗಿನಿಂದ ಇದೆ. ಅದು ಯಾಕೆ ಅಲ್ಲಿದೆ ಅಂತ ಗೊತ್ತಿಲ್ಲದಂತೆ ಇಷ್ಟು ವರ್ಷ ಇದ್ದೆ. ಸದ್ಯಕ್ಕೆ ಇಷ್ಟೇ ಹೇಳಬಲ್ಲೆ.

ಉಳಿದವರಿಗೆ: ಕೆಲಸದ ತಿಂಗಳ ಬಗ್ಗೆ @ಕಾಫಿಕಣ ಹೇಳಿದ್ದು ನಮಗೂ ಅಷ್ಟೇ ನಿಜ, ಬೇರೆ ಥರ. ಜೋಗದಲ್ಲಿ ನೀರು ಜೋರಾಗಿರುವುದು ಜುಲೈ, ಆಗಸ್ಟ್. ಜನ ಬರುವುದೂ ಆಗಲೇ. ನಮಗೆ ಅದು ಅಡಿಕೆಗೆ ಕೊಳೆರೋಗ ಬರುವ ಕಾಲ. ಮಳೆ ಹಿಡಿಯುವ ಮೊದಲು ಒಂದು ಔಷಧಿ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಬಿಟ್ಟು ಎರಡು ತಾಸು ಹೊಳವಾದರೆ ಸಾಕು, ಉಣ್ಣುತ್ತಿದ್ದ ಎಲೆ ಬಿಟ್ಟು ಏಳಬೇಕು. ಆಗ ಮನೆಯಲ್ಲಿ ಅತಿಥಿಗಳಿದ್ದರೆ? ಅಪ್ಪಯ್ಯನ ಅಂಗಿ, ಮೂಗು, ಕಿವಿ ಎಲ್ಲ ನೀಲಿ. ಅಂಗಳದಲ್ಲಿ ಜಾರಿದರೆ ಸೊಂಟ. ಮೇಲಿಂದ ಉಂಬಳ. ಫೋಟೋದಲ್ಲಿ ಮಳೆ ಚೆಂದ.

ಉಣುಗು_ನೋಡಿ | ಡಿಸೆಂಬರ್ 9, ಮಧ್ಯಾಹ್ನ 1.05

ಉಂಬಳ ಬಿಡಿ, ರಕ್ತ ಕುಡಿದು ಹೋಗುತ್ತೆ. ನಾನು ಸಾಗರ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ. ಜನವರಿಯಲ್ಲಿ ಜನ ಬರ್ತಾರೆ ಅಂದಿರಲ್ಲ, ಅದಕ್ಕೇ ಬರೀತಿದ್ದೀನಿ.

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅರಳಗೋಡಿನಲ್ಲಿ 2019ರಲ್ಲಿ ಇದರಿಂದ ಜನ ಸತ್ತದ್ದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸಿದ್ದಾಪುರಕ್ಕೂ ಬಂದಿದೆ. ಅದನ್ನು ಹರಡೋದು ಉಣುಗು, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಡಿಸೆಂಬರಿಂದ ಮೇವರೆಗೆ ಅದರ ಕಾಲ. ಆಗಲೇ ನೀವು ಅತಿಥಿಗಳನ್ನು ಬೆಟ್ಟಕ್ಕೆ ಕರ್ಕೊಂಡು ಹೋಗ್ತೀರಿ, ಅವರು ದರಕಿನ ಮೇಲೆ ಕಾಲುಚಾಚಿ ಕೂತು ಫೋಟೋ ತೆಗೆಸ್ಕೊಳ್ತಾರೆ, ಅರ್ಧ ಚಡ್ಡಿಯಲ್ಲಿ.

ತುಂಬು ತೋಳು, ಪ್ಯಾಂಟನ್ನು ಸಾಕ್ಸಿನ ಒಳಗೆ. ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಸಿ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ನಮಗೆ ಫೋನ್ ಮಾಡಿ. ಇನ್ನೊಂದು ಯಾರೂ ಯೋಚಿಸಲ್ಲ: ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ. ಅಷ್ಟೊತ್ತಿಗೆ ಅವರು ಬೆಂಗಳೂರಲ್ಲಿರ್ತಾರೆ. ಅಲ್ಲಿಯ ಡಾಕ್ಟರು ಡೆಂಗಿ ಅಂತಾರೆ, ಫ್ಲೂ ಅಂತಾರೆ. ಹೊರಡುವಾಗ ಚೀಟಿಯಲ್ಲಿ ಬರೆದು ಕೊಡಿ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ ಅಂತ.

ಹೆದರಿಸಿದರೆ ಜನ ಬರಲ್ಲ ಅಂತ ಒಬ್ಬರು ಹೋಂಸ್ಟೇಯವರು ನನ್ನ ಮೇಲೆ ಕೂಗಾಡಿದ್ರು. ನಾನು ಅವರ ಅಂಗಳದಲ್ಲೇ ಎಣ್ಣೆ ಬಾಟಲಿ ಇಟ್ಟು ಬಂದೆ.

ಜಯನಗರದಾಕೆ | ಡಿಸೆಂಬರ್ 9, ಸಂಜೆ 5.48

ಇದು ಯಾವ ಬುಕಿಂಗ್ ಪುಟದಲ್ಲೂ ನೋಡಿಲ್ಲ. ಬರೆದಿದ್ದರೆ ನಾನಂತೂ ಆ ಮನೆಗೇ ಹೋಗ್ತಿದ್ದೆ, ಇವರು ಸುಳ್ಳು ಹೇಳಲ್ಲ ಅಂತ.

ಹಳೇಟ್ರ್ಯಾಕ್ಟರ್ | ಡಿಸೆಂಬರ್ 9, ರಾತ್ರಿ 10.12

ಕ್ಯೂಆರ್ ಕೋಡ್ ಐಡಿಯಾ ಮನೇಲಿ ಹೇಳಿಬಿಟ್ಟೆ. ತಪ್ಪು ಮಾಡ್ದೆ ಅನ್ಸುತ್ತೆ. ನಮ್ಮನೆಯೋರು ಈಗ ಹಾಲು ಡೈರಿ ದುಡ್ಡಿಗೂ ಅದೇ ಮಾಡಣ ಅಂತವ್ರೆ.

ಬೇಣದಗದ್ದೆ | ಫೆಬ್ರವರಿ 2, ರಾತ್ರಿ 8.20

ಏನಾಯ್ತು ಅಂತ ನಾಲ್ಕೈದು ಜನ ಕೇಳಿದ್ದೀರಿ. ಬರೆಯುತ್ತೇನೆ, ಕ್ರಮವಾಗಿ ಬರಲಿಕ್ಕಿಲ್ಲ.

ಜನವರಿಯಲ್ಲಿ ಎರಡು ತಂಡ ಬಂತು. ಮೊದಲು ಐದು ಜನ, ಆಮೇಲೆ ಮೂರು. ನೋಂದಣಿಗೆ ಅರ್ಜಿ ಕೊಟ್ಟಿದ್ದೇವೆ, @ಕಲಂ95 ಅವರಿಗೆ ಋಣಿ. ಹೊಸದಾಗಿ ಏನೂ ಕಟ್ಟಿಲ್ಲ, ತಮ್ಮನ ಕೋಣೆ ಮತ್ತು ಮೆತ್ತಿಗೆ (ಮಹಡಿ) ಕೊಟ್ಟೆವು. ಶೌಚಾಲಯಕ್ಕೆ ಮಾತ್ರ ಇಪ್ಪತ್ತೆಂಟು ಸಾವಿರ ಖರ್ಚಾಯ್ತು, ಹಾಗಾಗಿ ಲಾಭ ಎಷ್ಟು ಅಂತ ಈ ವರ್ಷ ಕೇಳಬೇಡಿ.

ಆಯಿ ಒಪ್ಪಿದ್ದು ಒಂದು ಶರತ್ತಿನ ಮೇಲೆ: ಕೋಣೆಗೆ ದರ ಹಾಕಿ, ತೋಟ ತೋರಿಸಲು ಹಾಕಿ, ಅನ್ನಕ್ಕೆ ಹಾಕಬಾರದು. ಅಪ್ಪಯ್ಯ ಹೂಂ ಅಂದು, ಊಟದ್ದನ್ನೂ ಸೇರಿಸಿ ಕೋಣೆಯ ದರ ಕಟ್ಟಿದ. ಆಯಿಗೆ ಗೊತ್ತಿಲ್ಲ ಅಂತ ಅವನು ತಿಳಿದಿದ್ದಾನೆ. ಬಂದದ್ದರಲ್ಲಿ ಅರ್ಧ ಸೊಸೈಟಿಯಲ್ಲಿ ಆಯಿಯ ಖಾತೆಗೆ ಹಾಕುತ್ತಿದ್ದೇನೆ. ದುಡ್ಡು ಮುಟ್ಟದವಳು ಮೊನ್ನೆ ಪೇಟೆಗೆ ಹೊರಟಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಾ ಅಂತ ನೆನಪಿಸಿದಳು.

ಬೆಟ್ಟಕ್ಕೆ ಯಾರನ್ನೂ ಕರೆದೊಯ್ಯಲಿಲ್ಲ. ಎಣ್ಣೆ ಹಚ್ಚಿ ತೋಟದೊಳಗೆ ಮಾತ್ರ. ಚೀಟಿ ಕೊಟ್ಟೆ. ಒಬ್ಬರು ಅದನ್ನು ಫ್ರೇಮ್ ಹಾಕಿಸ್ತೀನಿ ಅಂದರು, ಜೇಬಲ್ಲಿಟ್ಟುಕೊಳ್ಳಿ ಅಂದೆ.

ಕೊನೆಕೊಯ್ಲಿನ ದಿನವೇ ಮೊದಲ ತಂಡ ಇದ್ದದ್ದು. ನಮ್ಮ ಕೊನೆ ಕೊಯ್ಯುವ ಕೊನೆಗೌಡರಿಗೆ ಮೊದಲೇ ಕೇಳಿದೆ, ವಿಡಿಯೋ ತೆಗೆಯಬಹುದಾ ಅಂತ. ಎರಡು ಮರದ್ದು ತೆಗೀಲಿ, ಆಮೇಲೆ ಕೆಲಸಕ್ಕೆ ಅಡ್ಡ ಬರಬಾರದು ಅಂದರು. ಕೂಲಿಯ ಮೇಲೆ ತೋಟ ತೋರಿಸಿದ ದುಡ್ಡಿನಲ್ಲೂ ಅವರಿಗೆ ಪಾಲು ಕೊಟ್ಟೆವು.

ಹಿತ್ತಿಲ ಲೋಟ ಗೂಡಿನಲ್ಲಿ ಇಲ್ಲ. ನಾನು ತೆಗೆದಿಲ್ಲ. ಆಯಿ ಏನು ಮಾಡಿದಳು ಅಂತ ಕೇಳಲೂ ಇಲ್ಲ. ಆ ದಿನ ಮಧ್ಯಾಹ್ನ ಜಗುಲಿಯಲ್ಲಿ ಎಂಟು ಬಾಳೆ ಹಾಕಿದ್ದಳು. ನಾವು ಇಬ್ಬರು, ಬಂದವರು ಐವರು, ಇನ್ನೊಂದು ಯಾರಿಗೆ ಅಂತ ನಾನು ಕೇಳುವ ಮೊದಲೇ ಅಂಗಳಕ್ಕೆ ಇಳಿದು ಕರೆದಳು. ಕೊನೆಗೌಡರು ಒಳಗೆ ಬರಲಿಲ್ಲ. "ಇಲ್ಲೇ ಆಗ್ತದೆ ಅಮ್ಮಾ, ಕಾಲು ಮಣ್ಣಾಗಿದೆ" ಅಂದರು. ಕಾಲು ತೊಳೆದಿದ್ದರು, ನಾನೇ ನೋಡಿದ್ದೆ. ಆಯಿ ಒತ್ತಾಯಿಸಲಿಲ್ಲ. ಆ ಎಲೆಯನ್ನು ಎತ್ತಿ ಜಗುಲಿಯ ಮೆಟ್ಟಿಲ ಮೇಲೆ ಹಾಕಿ ಅಲ್ಲಿಗೇ ಬಡಿಸಿದಳು. ಬಂದವರಲ್ಲಿ ಒಬ್ಬ ಹುಡುಗ, ಏನೂ ಗೊತ್ತಿಲ್ಲದವನು, ತನ್ನ ಎಲೆ ಎಳೆದುಕೊಂಡು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತ. ಬಿಸಿಲು ಚೆನ್ನಾಗಿದೆ ಇಲ್ಲಿ ಅಂದ.

ಕೊನೆಕತ್ತಿ | ಫೆಬ್ರವರಿ 2, ರಾತ್ರಿ 9.04

ಓದಿದೆ ಅಕ್ಕಾ.

ಒಲೆಮುಂದೆ | ಫೆಬ್ರವರಿ 2, ರಾತ್ರಿ 9.30

ಎಂಟು ಎಲೆಗೆ ಬಡಿಸಿ ನಿಮ್ಮ ಆಯಿ ಎಷ್ಟೊತ್ತಿಗೆ ಉಂಡರು?

ಬೇಣದಗದ್ದೆ | ಫೆಬ್ರವರಿ 2, ರಾತ್ರಿ 9.41

ಮೂರೂವರೆಗೆ. ಮುಂದಿನ ಸಲದಿಂದ ಪಕ್ಕದ ಮನೆಯವರನ್ನು ಕೆಲಸಕ್ಕೆ ಕರೆಯುವುದು ಅಂತಾಗಿದೆ, ಸಂಬಳಕ್ಕೆ.

ಎರಿಹೊಲ | ಫೆಬ್ರವರಿ 3, ಬೆಳಿಗ್ಗೆ 7.20

ಅಕ್ಕಾರ, ನಮ್ಮ ಸೀತನಿ ಹಂಗಾಮ ಮುಗೀತು. ಮನಿ ಮಂದಿ ಎಲ್ಲಾ ಕೂಡಿ ನಿಮ್ಮ ಕಡೆ ಬರೂನಂತ ಮಾತಾಡಾಕತ್ತೀವಿ. ಆಲೆಮನಿ ನೋಡಬೇಕಂತ ನಮ್ಮವ್ವಗ ಆಸೆ. ಯಾವಾಗ ಬರೂನು?

ಬೇಣದಗದ್ದೆ | ಫೆಬ್ರವರಿ 3, ಬೆಳಿಗ್ಗೆ 7.55

ಕೆಳಗಿನ ಮನೆಯವರ ಕಬ್ಬು ಈ ತಿಂಗಳ ಕೊನೆಗೆ ಕಡಿಯುತ್ತಾರಂತೆ, ಗಾಣ ಸಿಕ್ಕರೆ. ದಿನ ನಿಕ್ಕಿಯಾಗುವುದು ಎರಡು ದಿನ ಮೊದಲು, ಆಗ ಫೋನ್ ಮಾಡ್ತೀನಿ. ಅವ್ವನಿಗೆ ತೊಡೆದೇವು (ಕಬ್ಬಿನಹಾಲಿನ ತೆಳು ಸಿಹಿತಿಂಡಿ) ಎರೆಯುವುದನ್ನು ಆಯಿ ಕಲಿಸ್ತಾಳಂತೆ. ಜೋಳದ ಹಿಟ್ಟು ಎರಡು ಕೆ.ಜಿ. ತನ್ನಿ, ರೊಟ್ಟಿ ತಟ್ಟುವುದು ಆಯಿ ನೋಡಬೇಕಂತೆ.